‘ಅದೊಂದು ಫಾರ್ಮಾಲಿಟಿ ಅಷ್ಟೇ’

ವಕೀಲರ ಕಚೇರಿಯಲ್ಲಿ ಕೂತವರಿಗೆ ಈ ಮಾತು ಚೆನ್ನಾಗಿ ಪರಿಚಯ. ‘ಅದೊಂದು ಫಾರ್ಮಾಲಿಟಿ ಅಷ್ಟೇ ಎಂದರು, ಅದಕ್ಕೇ ಬಿಟ್ಟೆವು.’ ಇಪ್ಪತ್ತೆರಡು ವರ್ಷಗಳ ವಕೀಲಿಕೆಯಲ್ಲಿ ಈ ಒಂದು ಮಾತನ್ನು ನಂಬಿ ಮನೆ, ಜಮೀನು ಕಳೆದುಕೊಂಡವರನ್ನು ಕಂಡಿದ್ದೇನೆ. ಬೇಕಿಲ್ಲದ ಕಡೆ ಮುದ್ರೆ, ಮೊಹರು, ಛಾಪಾ ಕಾಗದಕ್ಕೆ ಸಾವಿರಾರು ರೂಪಾಯಿ ಸುರಿದವರನ್ನೂ ಕಂಡಿದ್ದೇನೆ. ಎರಡಕ್ಕೂ ಮೂಲ ಒಂದೇ. ಔಪಚಾರಿಕ ಎಂದರೆ ಎಲ್ಲೆಡೆಯೂ ಒಂದೇ ಅರ್ಥ ಎಂದು ನಾವು ತಿಳಿದುಕೊಂಡಿದ್ದೇವೆ.

ಒಂದೇ ವರ್ಷ ನನ್ನ ಮೇಜಿಗೆ ಬಂದ ಎರಡು ಉಯಿಲುಗಳ ವಿಷಯ ಹೇಳುತ್ತೇನೆ.

ಮೊದಲನೆಯದು ಛಾಪಾ ಕಾಗದದ ಮೇಲೆ ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ್ದು. ಪ್ರತಿ ಪುಟದಲ್ಲೂ ಸಹಿ, ಸಹಿಯ ಪಕ್ಕ ಹೆಬ್ಬೆಟ್ಟು, ಕೊನೆಯಲ್ಲಿ ನೋಟರಿಯ ಕೆಂಪು ಮೊಹರು. ಎರಡನೆಯದು ಶಾಲೆಯ ನೋಟ್‌ಬುಕ್ಕಿನಿಂದ ಕಿತ್ತ ಎರಡು ಹಾಳೆ. ನಿವೃತ್ತ ಮೇಷ್ಟ್ರೊಬ್ಬರು ನೀಲಿ ಶಾಯಿಯಲ್ಲಿ ಕೈಯಾರೆ ಬರೆದದ್ದು. ಒಂದು ಮೂಲೆಯಲ್ಲಿ ಕಾಫಿ ಲೋಟದ ಗುರುತು. ಕೆಳಗೆ ಪಕ್ಕದ ಮನೆಯವರದ್ದೊಂದು ಸಹಿ, ದಿನವೂ ಹಾಲು ಹಾಕುವವರದ್ದೊಂದು ಸಹಿ. ಅದನ್ನು ತಂದ ಮಗಳು ಹಾಳೆಗಳನ್ನು ಕವರಿನಿಂದ ತೆಗೆಯಲೂ ಸಂಕೋಚಪಟ್ಟರು. ‘ಇದಕ್ಕೆ ಬೆಲೆ ಇರುವುದಿಲ್ಲ ಅಲ್ಲವೇ?’ ಎಂದು ಕೇಳಿದರು.

ನಿಂತದ್ದು ಆ ನೋಟ್‌ಬುಕ್ ಹಾಳೆಯೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಉಯಿಲಿಗೆ ಛಾಪಾ ಕಾಗದ ಬೇಕೆನ್ನುವುದಿಲ್ಲ, ನೋಟರಿ ಬೇಕೆನ್ನುವುದಿಲ್ಲ. ಉಯಿಲಿನ ನೋಂದಣಿಯೂ ಕಡ್ಡಾಯವಲ್ಲ. ಕಾಯ್ದೆ ಕೇಳುವುದು ಉಯಿಲು ಮಾಡಿದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳನ್ನು. ಉಯಿಲು ಮಾಡಿದವರು ಸಹಿ ಹಾಕಿದ್ದನ್ನು ಆ ಸಾಕ್ಷಿಗಳು ಕಣ್ಣಾರೆ ಕಂಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿನಲ್ಲೇ ತಾವೂ ಸಹಿ ಮಾಡಬೇಕು. ಮೊದಲನೆಯ ಉಯಿಲಿನಲ್ಲಿ ಇದ್ದದ್ದು ಒಬ್ಬರೇ ಸಾಕ್ಷಿ. ಎರಡನೆಯ ಸಹಿ ಬಿಕ್ಕಲಂದಾರರದ್ದು, ಅಂದರೆ ಬೇರೆಯವರ ಪರವಾಗಿ ಪತ್ರವನ್ನು ಬರೆಯುವವರದ್ದು. ಬಿಕ್ಕಲಂದಾರನಾಗಿ ಸಹಿ ಹಾಕಿದರೆ ಸಾಕ್ಷಿಯಾದಂತಲ್ಲ. ಸಾಕ್ಷಿಯಾಗುವ ಉದ್ದೇಶದಿಂದಲೇ ಹಾಕಿದ್ದೆಂದು ತೋರಿಸಬೇಕು, ಅದನ್ನು ತೋರಿಸಲಾಗಲಿಲ್ಲ. ನೋಟರಿಯ ಮೊಹರನ್ನು ಮಾರನೆಯ ದಿನ ಯಾರೋ ಹೋಗಿ ಹಾಕಿಸಿಕೊಂಡು ಬಂದಿದ್ದರು. ಆ ಉಯಿಲು ಮಾಡಿದ ಹಿರಿಯರನ್ನು ಕೊನೆಯ ಆರು ವರ್ಷ ನೋಡಿಕೊಂಡದ್ದು ಅವರ ತಂಗಿಯ ಮಗಳು. ಉಯಿಲು ಬಿದ್ದುಹೋಯಿತು, ಆಸ್ತಿ ಗಂಡುಮಕ್ಕಳಿಗೆ ಹಂಚಿಹೋಯಿತು. ‘ಇನ್ನೊಬ್ಬ ಸಾಕ್ಷಿಯನ್ನು ಕರೆಯಲೇ?’ ಎಂದು ಆಕೆ ಆ ದಿನವೇ ಕೇಳಿದ್ದರಂತೆ. ಬಂದ ಉತ್ತರ ಇದೇ: ‘ಬೇಡಮ್ಮ, ಅದೊಂದು ಫಾರ್ಮಾಲಿಟಿ ಅಷ್ಟೇ.’

ನಮ್ಮ ಪದದಲ್ಲೇ ಒಂದು ತೊಡಕಿದೆ ಎಂದು ನನಗೆ ಅನ್ನಿಸುತ್ತದೆ. ‘ಔಪಚಾರಿಕ’ ಬಂದದ್ದು ‘ಉಪಚಾರ’ದಿಂದ. ಮನೆಗೆ ಬಂದವರಿಗೆ ಕೈಕಾಲಿಗೆ ನೀರು ಕೊಟ್ಟು ಕೂರಿಸುವುದು ಉಪಚಾರ. ದೇವರಿಗೆ ಆವಾಹನೆ, ಆಸನ, ಪಾದ್ಯ, ಅರ್ಘ್ಯ ಎಂದು ಮಾಡುವುದು ಹದಿನಾರು ಉಪಚಾರ. ಕಾಯಿಲೆಯವರ ಆರೈಕೆಯೂ ಉಪಚಾರವೇ. ಶಾಸ್ತ್ರಗಳಲ್ಲಿ ಇನ್ನೊಂದೇ ಅರ್ಥ: ‘ಈ ಹುಡುಗ ಸಿಂಹ’ ಎಂದಾಗ ಅದು ನಿಜಾರ್ಥವಲ್ಲ, ಔಪಚಾರಿಕ ಪ್ರಯೋಗ, ಮಾತಿಗೆ ಹಾಗೆ ಅಂದದ್ದು. ಈ ಕೊನೆಯ ಛಾಯೆ ನಮ್ಮ ಕಿವಿಯಲ್ಲಿ ಗಟ್ಟಿಯಾಗಿ ಉಳಿದಿದೆ. ‘ಔಪಚಾರಿಕವಾಗಿ ಕರೆದರು’ ಎಂದರೆ ಮನಸ್ಸಿಟ್ಟು ಕರೆಯಲಿಲ್ಲ ಎಂದೇ ಅರ್ಥ. ಹಾಗಾಗಿ ನೋಂದಣಿ, ಸಾಕ್ಷಿ, ನೇಮಕಾತಿ ಪತ್ರ ಇವೆಲ್ಲ ‘ಔಪಚಾರಿಕ’ ಎಂದೊಡನೆ ತೋರಿಕೆಯವು, ಬಿಟ್ಟರೂ ನಡೆದೀತು ಎಂಬ ಭಾವ ತಾನಾಗಿಯೇ ಹುಟ್ಟುತ್ತದೆ. ತರ್ಕಶಾಸ್ತ್ರ, ಗಣಿತದವರು ಈ ವಿಷಯದಲ್ಲಿ ಜಾಣರು. ಇಂಗ್ಲಿಷಿನ ‘ಫಾರ್ಮಲ್’ಗೆ ‘ರೂಪ’ ಎಂಬ ಪದ ಹಿಡಿದು ‘ರೂಪಾತ್ಮಕ’ ಎಂದರು. ಅವರಿಗೆ ರೂಪವೇ ಎಲ್ಲ; ವಾಕ್ಯದ ಅರ್ಥ ಮರೆತು ಅದರ ಆಕಾರದಿಂದಲೇ ಸರಿತಪ್ಪು ನೋಡುವುದು ಅಲ್ಲಿನ ಕೆಲಸ.

ಕಾನೂನಿನಲ್ಲಿ ರೂಪ ಕೆಲವೆಡೆ ಪ್ರಾಣ, ಕೆಲವೆಡೆ ಏನೇನೂ ಅಲ್ಲ. ಸ್ಥಿರಾಸ್ತಿ ಮಾರಾಟವನ್ನೇ ನೋಡಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಜಮೀನು, ಮನೆ ಕೈಬದಲಾಗುವುದು ನೋಂದಾಯಿತ ಪತ್ರದಿಂದ ಮಾತ್ರ. ಆ 100 ರೂಪಾಯಿ ಇವತ್ತಿಗೂ ಹಾಗೆಯೇ ಇದೆ. ಅಂದರೆ ಇಂದು ಮಾರಾಟವಾಗುವ ಪ್ರತಿ ಗೇಣು ನೆಲಕ್ಕೂ ನೋಂದಣಿ ಬೇಕು. ಹಣ ಪೂರ್ತಿ ಕೊಟ್ಟು, ಸ್ವಾಧೀನ ಪಡೆದು, ಮನೆ ಕಟ್ಟಿ, ಗೃಹಪ್ರವೇಶದ ಊಟವನ್ನೂ ಹಾಕಿದವರ ಕೈಯಲ್ಲಿ ಒಂದು ಕರಾರುಪತ್ರ, ಒಂದು ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಇರುತ್ತದೆ. ಬೆಂಗಳೂರಿನ ಸುತ್ತ ಇಂಥ ನಿವೇಶನಗಳಿಗೆ ಲೆಕ್ಕವಿಲ್ಲ. ಜಿಪಿಎ, ಕರಾರು, ಉಯಿಲು ಮೂರನ್ನು ಜೋಡಿಸಿದರೂ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸುರಾಜ್ ಲ್ಯಾಂಪ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಇದನ್ನು ಕಕ್ಷಿದಾರರಿಗೆ ಹೇಳುವ ದಿನ ನನಗೆ ಊಟ ರುಚಿಸುವುದಿಲ್ಲ.

ಇದೇ ಕಾನೂನು ಕೈಸಾಲಕ್ಕೆ ಕಾಗದವನ್ನೇ ಕೇಳುವುದಿಲ್ಲ. ಬಾಯಿಮಾತಿನ ಕರಾರೂ ಕರಾರೇ. ಪುರಾವೆ ಒದಗಿಸುವುದು ಕಷ್ಟ, ದಾವೆ ಹೂಡಲು ವಾಯಿದೆ ಸಾಮಾನ್ಯವಾಗಿ ಮೂರು ವರ್ಷ. ಆದರೆ ಕಾಗದ ಇಲ್ಲವೆಂದು ಸಾಲ ಸಾಲವಲ್ಲದೆ ಹೋಗುವುದಿಲ್ಲ. ಇನ್ನು ಕಾಲಕ್ಕೆ ತಕ್ಕಂತೆ ರೂಪ ಬದಲಾದದ್ದೂ ಉಂಟು. ಪಂಚರ ಮುಂದೆ ಕೂತು ‘ಬಾವಿ ಕಡೆಯದು ಅಣ್ಣನಿಗೆ, ರಸ್ತೆ ಕಡೆಯದು ತಮ್ಮನಿಗೆ’ ಎಂದು ಬಾಯಿಮಾತಿನಲ್ಲಿ ಪಾಲಾದರೆ ನಮ್ಮ ಹಳ್ಳಿಗಳಲ್ಲಿ ಅದೇ ಶಾಸನ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿ ಬಂದ ಮೇಲೆ, ಅವರ ಪಾಲು ತಪ್ಪಿಸಲು ‘ಎಂದೋ ಪಾಲಾಗಿತ್ತು’ ಎಂಬ ಕಥೆಗಳು ಎದ್ದವು. ಇಂಥ ಕಥೆಗಳಿಗೆ ಎಡೆಗೊಡದಂತೆ ತಿದ್ದುಪಡಿಯು ಮೊದಲೇ ನೋಂದಾಯಿತ ಪಾಲುಪತ್ರ ಅಥವಾ ನ್ಯಾಯಾಲಯದ ಡಿಕ್ರಿಯನ್ನು ಮಾತ್ರ ಒಪ್ಪಿತ್ತು. ಬಾಯಿಮಾತಿನ ಪಾಲನ್ನು ಸಾರ್ವಜನಿಕ ದಾಖಲೆಗಳ ಬಲವಿರುವ ಅಪರೂಪದ ಸಂದರ್ಭದಲ್ಲಷ್ಟೇ ಪರಿಗಣಿಸಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಹೇಳಿತು. ಇಲ್ಲಿ ನೋಂದಣಿ ಮಾಡಿಸುವುದೆಂದರೆ ಒಬ್ಬ ಮಗಳ ಹಕ್ಕನ್ನು ಕಾಯುವುದು. ಇದನ್ನು ಬರಿಯ ಔಪಚಾರಿಕತೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಮದುವೆಯಲ್ಲಿ ಇದು ತಲೆಕೆಳಗಾಗುತ್ತದೆ. ಪ್ರಮಾಣಪತ್ರ ಕೈಯಲ್ಲಿದ್ದರೆ ಮದುವೆಯಾದಂತೆ ಎಂದು ವಿದ್ಯಾವಂತರೂ ನಂಬಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗುವುದು ವಧು ಅಥವಾ ವರನ ಕಡೆಯ ರೂಢಿಯ ವಿಧಿಯಿಂದ. ಸಪ್ತಪದಿ ಆ ವಿಧಿಯ ಭಾಗವಾಗಿದ್ದರೆ ಏಳನೆಯ ಹೆಜ್ಜೆ ಇಟ್ಟ ಕ್ಷಣದಲ್ಲಿ. ನೋಂದಣಿ ಆಮೇಲಿನ ಪುರಾವೆ. ವಿಧಿಯೇ ನಡೆಯದೆ ಪ್ರಮಾಣಪತ್ರವಷ್ಟೇ ಪಡೆದಿದ್ದ ಜೋಡಿಯೊಂದನ್ನು ಗಂಡಹೆಂಡತಿಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಅದೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರಿಗೆ 30 ದಿನಗಳ ನೋಟಿಸು, ವಿವಾಹಾಧಿಕಾರಿ, ಮೂವರು ಸಾಕ್ಷಿಗಳು, ಇವರ ಮುಂದೆ ಆಡುವ ಒಪ್ಪಿಗೆಯ ಮಾತು, ಇದೇ ಮದುವೆ. ಒಂದು ಕಾಯ್ದೆ ತನ್ನ ಗಂಟನ್ನು ಅಗ್ನಿಯ ಮುಂದೆ ಹಾಕಿದೆ, ಇನ್ನೊಂದು ಕಚೇರಿಯ ಮೇಜಿನ ಮುಂದೆ. ಗಂಟು ಎಲ್ಲಿದೆ ಎಂದು ತಿಳಿಯದೆ ಹಗ್ಗ ಬಿಗಿದಿದೆ ಎಂದುಕೊಳ್ಳಬಾರದು.

ಮಾತಿನ ಔಪಚಾರಿಕತೆ ಬೇರೆಯದೇ ಲೋಕ. ಅಲ್ಲಿ ಅಳೆಯುವುದು ಹಕ್ಕನ್ನಲ್ಲ, ದೂರವನ್ನು. ನೀನು, ನೀವು, ತಾವು, ಮೂರು ಮೆಟ್ಟಿಲು. ಆದರೆ ದೂರ ಹೆಚ್ಚಿದಂತೆ ಗೌರವವೂ ಹೆಚ್ಚುತ್ತದೆ ಎಂದೇನಿಲ್ಲ. ಹದಿನಾರು ಉಪಚಾರ ಮಾಡಿಸಿಕೊಳ್ಳುವ ದೇವರನ್ನೇ ಶರಣರೂ ದಾಸರೂ ‘ನೀನು’ ಎಂದೇ ಕರೆದರು. ಸಾಕ್ಷಿಕಟ್ಟೆಯಲ್ಲಿ ನಿಂತ ಮುದುಕಿಯೊಬ್ಬರು ನ್ಯಾಯಾಧೀಶರಿಗೆ ‘ನೀನೇ ನೋಡಪ್ಪ, ನಿನಗೂ ತಾಯಿ ಇದ್ದಾಳೆ’ ಎಂದದ್ದನ್ನು ಕೇಳಿದ್ದೇನೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

ದುಡಿಮೆಯ ಲೋಕದಲ್ಲಿ ಈ ಪದ ಮಾಡಿರುವ ಹಾನಿ ನನ್ನನ್ನು ಹೆಚ್ಚು ಕಾಡುತ್ತದೆ. ‘ಅನೌಪಚಾರಿಕ ವಲಯ’ ಎಂಬ ಮಾತಿನ ಹಿಂದೆ ಘಾನಾದ ಅಕ್ರಾ ನಗರದ ಬಡ ವಲಸಿಗರಿದ್ದಾರೆ. ನಿರುದ್ಯೋಗಿಗಳೆಂದು ಲೆಕ್ಕಕ್ಕೆ ಸೇರಿದ್ದ ಅವರು ನಿಜದಲ್ಲಿ ಎರಡು ಮೂರು ಕೆಲಸ ಒಟ್ಟಿಗೆ ಮಾಡುತ್ತಿದ್ದರೆಂದು ಮಾನವಶಾಸ್ತ್ರಜ್ಞ ಕೀತ್ ಹಾರ್ಟ್ ತೋರಿಸಿದರು. 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೀನ್ಯಾ ವರದಿ ಆ ಪದವನ್ನು ಜಗತ್ತಿಗೆ ಹಬ್ಬಿಸಿತು. ನಾವು ಅದನ್ನು ‘ಅಸಂಘಟಿತ’ ಎಂದೆವು. ಬೀದಿಬದಿ ವ್ಯಾಪಾರಿಗಳಿಗೆ ನೋಂದಾಯಿತ ಸಂಘವಿದೆ, ಅಧ್ಯಕ್ಷರಿದ್ದಾರೆ, ವಾರ್ಷಿಕ ಸಭೆ ನಡೆಯುತ್ತದೆ. ಆದರೂ ಅವರು ಅಸಂಘಟಿತರು! ಇಲ್ಲದಿರುವುದು ಸಂಘಟನೆಯಲ್ಲ, ರಕ್ಷಣೆ. ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಗುತ್ತಿಗೆ ಚೀಟಿಯ ಮೇಲೆ ದುಡಿಯುವವರ ಸ್ಥಿತಿಯೂ ಇದೇ. ವಲಯ ಔಪಚಾರಿಕ, ಉದ್ಯೋಗ ಅನೌಪಚಾರಿಕ. ಅಸಂಘಟಿತ ವಲಯದ ಅಧ್ಯಯನಕ್ಕೆಂದು 2004ರಲ್ಲಿ ರಚನೆಯಾದ ಅರ್ಜುನ್ ಸೇನ್‌ಗುಪ್ತಾ ಆಯೋಗ ಇವೆರಡನ್ನು ಬೇರೆಬೇರೆಯಾಗಿ ಎಣಿಸಿದ್ದು ಅದಕ್ಕಾಗಿಯೇ.

ಸಣ್ಣ ಕಾರ್ಖಾನೆಯೊಂದರಲ್ಲಿ 11 ವರ್ಷ ದುಡಿದ ಹೆಣ್ಣುಮಗಳೊಬ್ಬರು ಕೆಲಸದಿಂದ ತೆಗೆದ ಮೇಲೆ ನನ್ನಲ್ಲಿಗೆ ಬಂದರು. ನೇಮಕಾತಿ ಪತ್ರವಿಲ್ಲ, ಸಂಬಳ ಲಕೋಟೆಯಲ್ಲಿ. ‘ನಾನು ಪರ್ಮನೆಂಟ್ ಅಲ್ಲ, ನನಗೆ ಕಾನೂನು ಇರುವುದಿಲ್ಲ’ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಗೆಂದು ಸಿಗುವ ಇಡುಗಂಟಿನ, ಕಾನೂನು ನೇಮಕಾತಿ ಪತ್ರ ಕೇಳುವುದಿಲ್ಲ. ಸಂಸ್ಥೆಯಲ್ಲಿ ಕನಿಷ್ಠ 10 ಜನ ಇರಬೇಕು, ಸಾಮಾನ್ಯವಾಗಿ 5 ವರ್ಷ ಸತತವಾಗಿ ದುಡಿದಿರಬೇಕು. ವರ್ಷಕ್ಕೆ 15 ದಿನಗಳ ಕೂಲಿಯಂತೆ ಲೆಕ್ಕ. ದುಡಿದದ್ದಕ್ಕೆ ಗುರುತು ಏನಾದರೂ ಇದೆಯೇ ಎಂದು ಕೇಳಿದೆ. ಏನೂ ಇಲ್ಲ ಎಂದರು.

ಮರುವಾರ ಬಟ್ಟೆಯ ಚೀಲವೊಂದನ್ನು ತಂದರು. ಅದರಲ್ಲಿ ಆಯುಧಪೂಜೆಯ ಒಂಬತ್ತು ಫೋಟೊಗಳು. ಕುಂಕುಮ ಹಚ್ಚಿದ ಯಂತ್ರಗಳ ಮುಂದೆ ಮಾಲೀಕರು, ಅವರ ಪಕ್ಕ ಕೆಲಸಗಾರರ ಸಾಲು, ಎರಡನೆಯವರು ಇವರೇ. ಪ್ರತಿ ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ವರ್ಷ ಮತ್ತು ಆ ವರ್ಷ ಸಿಕ್ಕಿದ್ದು: ‘ಸೀರೆ’, ‘ಸ್ವೀಟ್ ಬಾಕ್ಸ್ + 500’, ‘ಏನೂ ಇಲ್ಲ’. ಅತಿ ಹಳೆಯ ಫೋಟೊದಲ್ಲಿ ತಲೆ ಎಣಿಸಿದೆ, ಮಾಲೀಕರನ್ನು ಬಿಟ್ಟು ಹದಿನಾಲ್ಕು. ಅರ್ಜಿಯ ದಾಖಲೆ ಪಟ್ಟಿಯಲ್ಲಿ ಅವುಗಳಿಗೆ 1ರಿಂದ 9ರವರೆಗೆ ಸಂಖ್ಯೆ ಹಾಕಿಸಿ, ಹಿಂಬದಿಯ ಬರಹವೂ ಕಾಣುವಂತೆ ಎರಡೂ ಕಡೆ ನೆರಳಚ್ಚು ತೆಗೆಸಿದೆ.