ಎರೆಮಣ್ಣಿನ ಕಪ್ಪನ್ನು ಕ್ಯಾಮೆರಾ ಏಕೆ ಒಪ್ಪುವುದಿಲ್ಲ?

ಮಳೆ ಬಿದ್ದ ಮರುದಿನ ಸೇಡಂ, ಚಿತ್ತಾಪುರದ ಕಡೆಯ ಎರೆಹೊಲವನ್ನು ಮೊಬೈಲಿನಲ್ಲಿ ಸೆರೆಹಿಡಿದು ನೋಡಿ. ಕಾಲಿಗೆ ಮೆತ್ತಿಕೊಂಡ ಮಣ್ಣು ಕಾಡಿಗೆಯಂತೆ ಕಪ್ಪಗಿರುತ್ತದೆ. ಪರದೆಯಲ್ಲಿ ಅದೇ ಮಣ್ಣು ಎಷ್ಟೋ ಸಲ ಬೂದುಗಂದಾಗಿ ಕಾಣುತ್ತದೆ. ಮೊಬೈಲ್ ಕೆಟ್ಟಿಲ್ಲ, ಅದು ಲೆಕ್ಕ ಹಾಕುವ ರೀತಿಯೇ ಹಾಗೆ.

ಎದುರಿಗಿರುವ ವಸ್ತುವೇ ಕಪ್ಪೋ, ಬೆಳಕೇ ಸಾಲದೋ ಎಂಬುದು ಕ್ಯಾಮೆರಾಕ್ಕೆ ನೇರವಾಗಿ ತಿಳಿಯುವುದಿಲ್ಲ. ತನ್ನೊಳಗೆ ಬಂದ ಬೆಳಕಷ್ಟೇ ಅದಕ್ಕೆ ಗೊತ್ತು. ಹಾಗಾಗಿ ದೃಶ್ಯದ ಸರಾಸರಿಯನ್ನು ನಡುಬೂದು ಎಂದು ಊಹಿಸುವುದು ಛಾಯಾಗ್ರಹಣದ ಹಳೆಯ ರೂಢಿ. ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಮರಳಿಸುವ ಬಣ್ಣವದು. ಸೊನ್ನೆ ಎಂದರೆ ಕಡುಕಪ್ಪು, 255 ಎಂದರೆ ಅಚ್ಚ ಬಿಳಿ ಎನ್ನುವ ಡಿಜಿಟಲ್ ಅಳತೆಯಲ್ಲಿ 118ರ ಆಸುಪಾಸು. ಈಗಿನ ಮೊಬೈಲ್‌ಗಳು ಮುಖ, ಆಕಾಶಗಳನ್ನು ಗುರುತಿಸುವಷ್ಟು ಜಾಣವಾಗಿವೆ, ನಿಜ. ಆದರೂ ಚೌಕಟ್ಟಿನ ತುಂಬ ಎರೆಮಣ್ಣೇ ಇದ್ದರೆ ಅದನ್ನು ಕತ್ತಲೆಂದು ಬಗೆದು ಬೆಳಗಿಸಿಬಿಡುತ್ತವೆ.

ಮಳೆಗೆ ನೆನೆದ ಮಣ್ಣು ಇನ್ನಷ್ಟು ಕಪ್ಪಾಗುವುದಕ್ಕೆ ಒಂದು ಸೊಗಸಾದ ಕಾರಣವಿದೆ. ಮಣ್ಣಿನಿಂದ ಚದುರಿ ಹೊರಟ ಬೆಳಕಿನ ಒಂದಷ್ಟು ಪಾಲು ಮೇಲಿನ ನೀರಿನ ತೆಳು ಪೊರೆಯನ್ನು ದಾಟಲಾರದೆ ಒಳಕ್ಕೇ ಪ್ರತಿಫಲಿಸುತ್ತದೆ. ಮತ್ತೆ ಮಣ್ಣಿಗೆ ಬಡಿದಾಗ ಅದರಲ್ಲಿ ಇನ್ನಷ್ಟು ಹೀರಿಹೋಗುತ್ತದೆ. 1925ರಲ್ಲಿ ಆಂಗ್‌ಸ್ಟ್ರಾಮ್ ಎಂಬ ಸ್ವೀಡನ್ನಿನ ವಿಜ್ಞಾನಿ ಕೊಟ್ಟ ವಿವರಣೆ ಇದು. ಹದವಾದ ಹೊಲವನ್ನು ದೂರದಿಂದಲೇ ಗುರುತಿಸುವ ರೈತರು ಓದುವುದು ಈ ಕಪ್ಪನ್ನೇ. ಚಿತ್ರದಲ್ಲಿ ಅಳಿಸಿಹೋಗುವುದೂ ಅದೇ.

ಕಲಬುರಗಿಯಲ್ಲಿ ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುವ ವಿದ್ಯಾರ್ಥಿನಿಯೊಬ್ಬಳು ತೊಗರಿ ಹೊಲ ಬಿಡಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಫೋಟೊದ ಮಣ್ಣಿನ ಮೇಲೆ ಪೆನ್ ಒತ್ತಿ ಬಣ್ಣವನ್ನು ಎತ್ತಿಕೊಂಡಳು. ಕುಂಚಕ್ಕೆ ಬಂದದ್ದು ಬೂದುಗಂದು. ಹಳದಿ ತೊಗರಿ ಹೂವು ಅದರ ಮೇಲೆ ಮಂಕಾಗಿ ಕಂಡಿತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದವಳು ಫೋಟೊವನ್ನು ಬದಿಗೆ ಸರಿಸಿ, ಅಜ್ಜನ ಹೊಲ ನೆನೆದು ಕಪ್ಪನ್ನು ತಾನೇ ಬೆರೆಸಿದಳು. ಹೂವು ಒಮ್ಮೆಲೇ ಎದ್ದು ನಿಂತಿತು. ಡಿಜಿಟಲ್ ಕಲೆ ಪ್ರಕೃತಿಯಿಂದ ನಮ್ಮನ್ನು ದೂರ ಮಾಡುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಇಂಥವರನ್ನು ಕಂಡೇ.

ನೆನಪೂ ಪೂರ್ತಿ ನಂಬಿಕಸ್ಥನಲ್ಲ. ಪರಿಚಿತ ವಸ್ತುಗಳ ಬಣ್ಣ ಮನಸ್ಸಿನಲ್ಲಿ ಇನ್ನಷ್ಟು ಗಾಢವಾಗಿ ಉಳಿಯುತ್ತದೆ ಎಂಬುದನ್ನು 1960ರಲ್ಲಿ ಬಣ್ಣಗಳ ಸಂಶೋಧಕ ಬಾರ್ಟಲ್‌ಸನ್ ಪ್ರಯೋಗದಿಂದ ತೋರಿಸಿದರು. ಹುಲ್ಲು, ಆಕಾಶ, ಚರ್ಮ ಇಂಥ ‘ನೆನಪಿನ ಬಣ್ಣ’ಗಳು. ಚಿತ್ರತಂತ್ರಜ್ಞರು ಬಣ್ಣಗಳನ್ನು ಜನರಿಗೆ ಹಿತವಾಗುವಂತೆ ಹೊಂದಿಸುವಾಗ ಮೊದಲು ಗಮನಿಸುವುದೂ ಇವುಗಳನ್ನೇ. ಎರೆಮಣ್ಣು ಆ ಪಟ್ಟಿಯಲ್ಲಿಲ್ಲ.

ಚಿತ್ರವು ನೆನಪನ್ನೇ ಬದಲಿಸಬಲ್ಲದು ಎಂಬುದು ಇದಕ್ಕಿಂತ ಗಂಭೀರ ಸಂಗತಿ. 2002ರಲ್ಲಿ ಮನೋವಿಜ್ಞಾನಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಜನರಿಗೆ ಅವರ ಬಾಲ್ಯದ ಫೋಟೊಗಳ ಜೊತೆಗೆ ಒಂದು ಸುಳ್ಳು ಫೋಟೊವನ್ನೂ ತೋರಿಸಿದರು. ಎಂದೂ ಏರದ ಬಿಸಿಗಾಳಿ ಬಲೂನಿನಲ್ಲಿ ಅವರು ಕುಳಿತಂತೆ ಕಂಪ್ಯೂಟರಿನಲ್ಲಿ ಜೋಡಿಸಿದ ಚಿತ್ರವದು. ಮೂರನೇ ಸಂದರ್ಶನದ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಜನ ಆ ಪ್ರಯಾಣದ ಬಗ್ಗೆ ಅಷ್ಟೋ ಇಷ್ಟೋ ನೆನಪಿರುವುದಾಗಿ ಹೇಳಿದರು. ನಡೆಯದ ಪ್ರಯಾಣವೇ ಹೀಗೆ ನೆನಪಾಗಿ ಕೂರಬಲ್ಲದಾದರೆ, ಹೊಲದ ಬಣ್ಣ ಬದಲಾಗುವುದು ದೊಡ್ಡ ಮಾತಲ್ಲ. ಪಟ್ಟಣದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಂತೂ ಪರದೆಯ ಮಣ್ಣೇ ಮೊದಲ ಮಣ್ಣು.

ಬೀದರಿನ ಬಿದರಿ ಕೆಲಸಕ್ಕೂ ಇದೇ ಗತಿ. ಸತು, ತಾಮ್ರದ ಮಿಶ್ರಲೋಹವನ್ನು ಕೋಟೆಯ ಮಣ್ಣು, ನವಸಾಗರಗಳ ಮಿಶ್ರಣದಿಂದ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೊಬೈಲ್ ಆ ಕಪ್ಪನ್ನು ಬೆಳಗಿಸಿದರೆ ಬೆಳ್ಳಿಯ ಬಳ್ಳಿ ಮಂಕಾಗಿಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಹೆಚ್ಚಿನ ಮೊಬೈಲ್‌ಗಳಲ್ಲಿ ಪರದೆಯ ಮೇಲೆ ಕಾಣುವ ಮಣ್ಣಿನ ಮೇಲೆ ಬೆರಳಿಟ್ಟಾಗ ಸೂರ್ಯನ ಚಿಹ್ನೆ ಮೂಡುತ್ತದೆ. ಕಣ್ಣಿಗೆ ಕಾಣುವಷ್ಟು ಕಪ್ಪು ಬರುವವರೆಗೆ ಅದನ್ನು ಕೆಳಗೆ ಎಳೆಯಬೇಕು. ದಾಖಲೆಗಾಗಿ ತೆಗೆಯುವವರು ಶೇ 18ರ ಬೂದು ಕಾರ್ಡನ್ನು ಅದೇ ಬಿಸಿಲಿನಲ್ಲಿಟ್ಟು, ಅದರ ಮೇಲೆ ಬೆಳಕಿನ ಅಳತೆಯನ್ನು ಸ್ಥಿರಗೊಳಿಸಿ, ಆಮೇಲೆ ಹೊಲದತ್ತ ತಿರುಗಿಸಲಿ.