ಪ್ರಾಣಿಕಥೆಯಿಂದ ಕಳಚಿಬಿದ್ದ ಚೌಕಟ್ಟು

ಹತ್ತು ವರ್ಷ ದಾಟಿದ ಮಕ್ಕಳಿಗೆ ಧರ್ಮದ ಪ್ರಾಣಿಕಥೆ ಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಕೆಲವರು ಸಂಸ್ಕಾರ ಎನ್ನುತ್ತಾರೆ, ಕೆಲವರು ಉಪದೇಶ ಸಾಕು ಎನ್ನುತ್ತಾರೆ. ಇಬ್ಬರ ಕೈಯಲ್ಲಿರುವುದೂ ಕತ್ತರಿ ಆಡಿದ ಮೇಲೆ ಉಳಿದ ಕಥೆ.

ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಪಾಲಿ ಜಾತಕ ಕಥೆಗಳು 547. ಒಂದೊಂದರಲ್ಲೂ ಸಾಮಾನ್ಯವಾಗಿ ಐದು ಭಾಗ: ಬುದ್ಧನ ಕಣ್ಣೆದುರಿನ ಪ್ರಸಂಗ, ಅದರ ನೆಪದಲ್ಲಿ ಹಿಂದಿನ ಜನ್ಮದ ಕಥೆ, ಗಾಥೆ ಎಂಬ ಪದ್ಯ, ಗಾಥೆಯ ಪದಪದದ ಅರ್ಥವಿವರಣೆ, ಕೊನೆಗೆ ಸಮೋಧಾನ, ಅಂದರೆ ಆ ಕಥೆಯ ಯಾರು ಈ ಜನ್ಮದಲ್ಲಿ ಯಾರು ಎಂದು ಹೇಳುವ ಭಾಗ. ತ್ರಿಪಿಟಕಕ್ಕೆ ಸೇರಿದ್ದು ಗಾಥೆಗಳು ಮಾತ್ರ, ಗದ್ಯವೆಲ್ಲ ಅಟ್ಠಕಥೆ ಎಂಬ ವ್ಯಾಖ್ಯಾನದ್ದು. ಮೊಲದ ಕಥೆಯಾದ ಸಸ ಜಾತಕದ ಸಮೋಧಾನದಲ್ಲಿ ನೀರುನಾಯಿ, ನರಿ, ಕೋತಿಗಳು ಕ್ರಮವಾಗಿ ಬುದ್ಧನ ಶಿಷ್ಯರಾದ ಆನಂದ, ಮೊಗ್ಗಲ್ಲಾನ, ಸಾರಿಪುತ್ತ; ಮೊಲ ಸ್ವತಃ ಬುದ್ಧ.

ಆ ಮೊಲದ ಬಳಿ ಇದ್ದದ್ದು ಹುಲ್ಲು. ಊಟ ಬೇಡಿ ಬಂದ ಅತಿಥಿಗೆ ಹುಲ್ಲು ಬಡಿಸುವಂತಿಲ್ಲ, ಹಾಗಾಗಿ ತನ್ನ ಮೈಯನ್ನೇ ಕೊಡಲು ಬೆಂಕಿಗೆ ಹಾರುತ್ತದೆ. ಹಾರುವ ಮೊದಲು ಮೂರು ಸಲ ಮೈ ಕೊಡವುತ್ತದೆ: ರೋಮದೊಳಗಿನ ಹುಳುಗಳು ತನ್ನ ಜೊತೆ ಸುಡಬಾರದು. ಸಂಕ್ಷೇಪಿಸುವಾಗ ಮೊದಲು ಹಾರಿಹೋಗುವುದು ಈ ವಾಕ್ಯವೇ. ಆಗ ಉಳಿಯುವುದು ಸಾಯಲು ಹೊರಟ ಪ್ರಾಣಿ; ಹನ್ನೆರಡರ ಮಗು ಬೆಚ್ಚುತ್ತದೆ, ಇಲ್ಲವೇ ನಗುತ್ತದೆ.

ಪಂಚತಂತ್ರದ ಹಾದಿ ಬೇರೆ. ಅದು ರಾಜನೀತಿ, ಎತ್ತು ಸಂಜೀವಕನನ್ನು ಕೊಲ್ಲಿಸಿದ ನರಿ ದಮನಕನಿಗೆ ಅಲ್ಲಿ ಶಿಕ್ಷೆಯಿಲ್ಲ. 6ನೇ ಶತಮಾನದಲ್ಲಿ ಪಹ್ಲವಿ ಎಂಬ ಹಳೆಯ ಪರ್ಷಿಯನ್ ಭಾಷೆಗೆ, ಸುಮಾರು 750ರಲ್ಲಿ ಅರಬ್ಬಿಗೆ ಹೋದಾಗ ಅನುವಾದಕ ಇಬ್ನ್ ಅಲ್‌ ಮುಕಫ್ಫ ದಮನಕನನ್ನು ವಿಚಾರಣೆಗೆ ನಿಲ್ಲಿಸುವ ಅಧ್ಯಾಯವನ್ನೇ ಸೇರಿಸಿದ. 1692ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈಸೋಪನ ಕಥೆಗಳಲ್ಲಿ ಎಷ್ಟೋ ಕಡೆ ಕಥೆಗಿಂತ ನೀತಿ, ವಿವರಣೆಗಳೇ ಉದ್ದ. 1762ರಲ್ಲಿ ಫ್ರೆಂಚ್ ಚಿಂತಕ ರೂಸೋ, ಕಾಗೆಯನ್ನು ಹೊಗಳಿ ಮೋಸ ಮಾಡುವ ನರಿಯ ಕಥೆ ಓದಿದ ಮಗು ಕಾಗೆಯಿಂದ ಪಾಠ ಕಲಿಯುವುದಿಲ್ಲ, ನರಿಯ ಪಕ್ಷ ಸೇರುತ್ತದೆ ಎಂದ. ಆಕ್ಷೇಪ ಇಂದಿಗೂ ಹಳಸಿಲ್ಲ.

ಹಾಗಾದರೆ ದೊಡ್ಡ ಮಕ್ಕಳಿಗೆ ಮರುನಿರೂಪಿಸುವಾಗ ಕೈಬಿಡಬೇಕಾದದ್ದು ಗಾಥೆಯ ಅರ್ಥವಿವರಣೆ, ಮತ್ತು ನಾವು ಆಮೇಲೆ ಅಂಟಿಸಿದ ‘ಕಥೆಯ ನೀತಿ’. ಎದುರಿನ ಪ್ರಸಂಗ ನಾಲ್ಕೈದು ವಾಕ್ಯದಲ್ಲಾದರೂ ಇರಲಿ. ಗಾಥೆಯನ್ನು ಗದ್ಯ ಮಾಡಬೇಡಿ. ಸಮೋಧಾನ ಬಿಟ್ಟರೆ ಪುನರ್ಜನ್ಮ ಹೋಗಿ, ಪ್ರಾಣಿ ಬರೀ ವೇಷವಾಗುತ್ತದೆ.

ಜೈನರ ಆಗಮಗ್ರಂಥ ಜ್ಞಾತೃಧರ್ಮಕಥೆಯ ಆನೆಯನ್ನೇ ನೋಡಿ. ಕಾಡ್ಗಿಚ್ಚಿಗೆ ಹೆದರಿದ ಪ್ರಾಣಿಗಳೆಲ್ಲ ಬಯಲಿನಲ್ಲಿ ಒತ್ತೊತ್ತಾಗಿ ನಿಂತಿವೆ. ಮೈ ತುರಿಸಿಕೊಳ್ಳಲು ಆನೆ ಕಾಲೆತ್ತಿದ್ದೇ ತಡ, ಆ ಜಾಗಕ್ಕೆ ಮೊಲವೊಂದು ನುಗ್ಗಿತು. ಎರಡೂವರೆ ದಿನ ಆನೆ ಕಾಲು ಇಳಿಸಲಿಲ್ಲ. ಬೆಂಕಿ ಆರಿದ ಮೇಲೆ ಊರಲು ಹೋದರೆ ಕಾಲು ಮರಗಟ್ಟಿತ್ತು; ಬಿದ್ದದ್ದು ಮತ್ತೆ ಏಳಲಿಲ್ಲ. ಮಕ್ಕಳ ಪುಟಕ್ಕೆ ಇಷ್ಟೇ ಸಾಕೆನಿಸುತ್ತದೆ. ಆದರೆ ಮಹಾವೀರ ಇದನ್ನು ಹೇಳಿದ್ದು ರಾಜಕುಮಾರ ಮೇಘನಿಗೆ. ಮೇಘ ದೀಕ್ಷೆ ಪಡೆದ ಮೊದಲ ರಾತ್ರಿಯೇ, ಓಡಾಡುವ ಮುನಿಗಳ ಕಾಲು ತಾಗಿ ತಾಗಿ ನಿದ್ದೆ ಕೆಟ್ಟು, ಬೆಳಗಾದೊಡನೆ ಅರಮನೆಗೆ ಮರಳುವ ಯೋಚನೆಯಲ್ಲಿದ್ದ. ಹಿಂದಿನ ಜನ್ಮದಲ್ಲಿ ಆ ಆನೆ ಅವನೇ.