ಪದ ಪರಿಚಯ: ಕಂಪವಾತ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಕಳೆದ ತಿಂಗಳು ಕಟ್ಟಿದ್ದ ಆರೋಗ್ಯ ಶಿಬಿರದ ಫ್ಲೆಕ್ಸೊಂದರಲ್ಲಿ ‘ಕಂಪವಾತ, ಲಕ್ವ ಮುಂತಾದ ಕೈನಡುಕದ ಕಾಯಿಲೆಗಳಿಗೆ ಉಚಿತ ತಪಾಸಣೆ’ ಎಂದು ದಪ್ಪಕ್ಷರದಲ್ಲಿ ಬರೆಸಲಾಗಿತ್ತು. ಒಂದೇ ಸಾಲಿನಲ್ಲಿ ಮೂರು ತಪ್ಪುಗಳು. ಲಕ್ವ ಹೊಡೆದ ಕೈ ನಡುಗುವುದಿಲ್ಲ, ಬಲ ಕಳೆದುಕೊಂಡು ಬೀಳುತ್ತದೆ. ಕಂಪವಾತವೆಂದು ನಾವು ಕರೆಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗಲೇಬೇಕೆಂದಿಲ್ಲ. ಕೈ ನಡುಗುವವರಲ್ಲಿ ಹೆಚ್ಚಿನವರಿಗೆ ಇವೆರಡರಲ್ಲಿ ಒಂದೂ ಇರುವುದಿಲ್ಲ. ಪತ್ರಿಕೆಗಳ ಆರೋಗ್ಯ ಪುಟದಲ್ಲಿಯೂ ಇದೇ ಕಲಸುಮೇಲೋಗರವನ್ನು ಓದಿ ಓದಿ ಸಾಕಾಗಿರುವುದರಿಂದ ಈ ಟಿಪ್ಪಣಿ.

‘ಕಂಪ’ ಸಂಸ್ಕೃತದ ‘ಕಂಪ್’ ಧಾತುವಿನಿಂದ ಬಂದದ್ದು. ಭೂಕಂಪದಲ್ಲಿ ನಡುಗುವುದು ನೆಲ. ಅನುಕಂಪದಲ್ಲಿ, ಇನ್ನೊಬ್ಬರ ನೋವಿನ ಜೊತೆಗೆ ನಡುಗುವುದು ನಮ್ಮ ಮನಸ್ಸು. ಮಲ್ಲಿಗೆಯ ‘ಕಂಪು’ ಅಚ್ಚಗನ್ನಡ ಪದ, ಅದಕ್ಕೂ ಇದಕ್ಕೂ ನಂಟಿಲ್ಲ; ಆದರೂ ಆ ಕಂಪನ್ನು ಕೊನೆಯಲ್ಲಿ ಮತ್ತೆ ಎತ್ತಬೇಕಾಗುತ್ತದೆ. ‘ವಾತ’, ‘ವಾಯು’ ಎರಡೂ ಚಲನೆಯನ್ನು ಹೇಳುವ ‘ವಾ’ ಧಾತುವಿನ ಮಕ್ಕಳು. ಗಾಳಿಯೆಂದರೆ ತಿರುಗಿಸುವ ಶಕ್ತಿಯೆಂಬುದನ್ನು ಜೋಗಿಮಟ್ಟಿಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ದಿನವೂ ನೋಡುವ ಚಿತ್ರದುರ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಆಯುರ್ವೇದದ ವಾತವೂ ಅಂಥದ್ದೇ: ದೇಹದ ಎಲ್ಲ ಚಲನೆಗಳನ್ನು ನಡೆಸುವ ತತ್ತ್ವವೇ ಹೊರತು ಹೊಟ್ಟೆಯ ಗ್ಯಾಸ್ ಅಲ್ಲ. ಚಲನೆ ಕೆಟ್ಟ ಕಾಯಿಲೆಗಳ ಹೆಸರಿಗೆಲ್ಲ ಅದನ್ನು ಅಂಟಿಸಿದ್ದರಿಂದಲೇ ಸಂಧಿವಾತ, ಆಮವಾತ, ಪಕ್ಷವಾತ, ಕಂಪವಾತಗಳು ಒಂದೇ ಮನೆತನದವೆಂಬ ಭ್ರಮೆ ಹುಟ್ಟಿದೆ. ಪಕ್ಷವಾತ ಅಥವಾ ಪಾರ್ಶ್ವವಾಯು ಮೆದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ನೋಡನೋಡುತ್ತಿದ್ದಂತೆ ಎರಗುತ್ತದೆ. ಪಾರ್ಕಿನ್ಸನ್ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ಬೆಳೆಯುತ್ತದೆ. (ಲಕ್ವ ಅರಬ್ಬಿಯಿಂದ ಬಂದ ಪದ, ಅಲ್ಲಿ ಅದರ ಅರ್ಥ ಮುಖ ಸೊಟ್ಟಗಾಗುವುದು ಮಾತ್ರ.)

ಫ್ಲೆಕ್ಸ್ ಬರೆಸಿದವರನ್ನೇ ದೂರುವುದೂ ಸರಿಯಲ್ಲ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯನ್ನು, ಅವರಲ್ಲಿ ಕೆಲವರನ್ನು ಕೇವಲ ಬೀದಿಯಲ್ಲಿ ಕಂಡು, ಬರೆದ ಪ್ರಬಂಧದಲ್ಲಿ ಈ ಕಾಯಿಲೆಗೆ ಕೊಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ನಡುಗುವ ಲಕ್ವ’ ಎಂದೇ ಆಗುತ್ತದೆ. ಪ್ಯಾರಿಸ್ಸಿನ ನರರೋಗ ತಜ್ಞ ಶಾರ್ಕೊ ಅದನ್ನು ಒಪ್ಪಲಿಲ್ಲ. ಈ ರೋಗಿಗಳ ಸ್ನಾಯುಬಲ ಲಕ್ವದಲ್ಲಿ ಹೋಗುವಂತೆ ಹೋಗಿರುವುದಿಲ್ಲ, ಕೆಲವರು ನಡುಗುವುದೂ ಇಲ್ಲ. ಹೀಗಿರುವಾಗ ಹೆಸರಿನ ಎರಡು ಪದಗಳೂ ಸುಳ್ಳೆಂದು ವಾದಿಸಿ ಕಾಯಿಲೆಗೆ ಪಾರ್ಕಿನ್ಸನ್ನರ ಹೆಸರನ್ನೇ ಇಟ್ಟರು. ಅವರು ಕೈಬಿಟ್ಟ ತಪ್ಪನ್ನು ನಾವು ಇಂದಿಗೂ ಜೋಪಾನ ಮಾಡುತ್ತಿದ್ದೇವೆ.

ಇಂದಿನ ವೈದ್ಯರು ರೋಗನಿರ್ಣಯಕ್ಕೆ ಕಡ್ಡಾಯವಾಗಿ ಕೇಳುವ ಲಕ್ಷಣ ನಡುಕವಲ್ಲ, ಚಲನೆಯ ನಿಧಾನ. ಅದರೊಡನೆ ಸ್ನಾಯುಗಳ ಬಿಗಿತವೋ ವಿಶ್ರಾಂತಿಯಲ್ಲಿನ ನಡುಕವೋ ಇರಬೇಕು. ದಾವಣಗೆರೆಯ ದಲಾಲಿ ಅಂಗಡಿಯೊಂದರಲ್ಲಿ ಕಿರ್ದಿ ಬರೆಯುತ್ತಿದ್ದ ನನ್ನ ಸೋದರಮಾವನ ಕೈ ಒಮ್ಮೆಯೂ ನಡುಗಿದ್ದನ್ನು ನಾವು ಕಾಣಲಿಲ್ಲ. ನಡೆಯುವಾಗ ಎಡಗೈ ಬೀಸುತ್ತಿರಲಿಲ್ಲ, ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು, ‘ಮೆಕ್ಕೆಜೋಳ’ ಎಂದು ಬರೆದರೆ ಮೊದಲಕ್ಷರ ಗೆರೆ ಮುಟ್ಟಿ ಕೊನೆಯ ‘ಳ’ ಇರುವೆಯಷ್ಟಾಗುತ್ತಿತ್ತು. ವಯಸ್ಸಾಯಿತೆಂದು ಎಲ್ಲರೂ ಸುಮ್ಮನಿದ್ದರು. ಅದೇ ಓಣಿಯ ನಿವೃತ್ತ ಮೇಷ್ಟ್ರು ಚಹಾದ ಲೋಟ ಎತ್ತಿದರೆ ಅರ್ಧ ತಟ್ಟೆಗೆ ಚೆಲ್ಲುತ್ತಿದ್ದುದರಿಂದ ಓಣಿಯವರೆಲ್ಲ ಅವರಿಗೆ ಕಂಪವಾತವೆಂದು ತೀರ್ಮಾನಿಸಿದ್ದರು. ನರರೋಗ ತಜ್ಞರು ನೋಡಿದಾಗ ಪಾರ್ಕಿನ್ಸನ್ ಇದ್ದದ್ದು ಮಾವನಿಗೆ, ಮೇಷ್ಟ್ರಿಗಿರಲಿಲ್ಲ.

ಮೇಷ್ಟ್ರದು ಕೆಲಸ ಮಾಡುವಾಗಿನ ನಡುಕ. ಪಾರ್ಕಿನ್ಸನ್ನಿನ ನಡುಕ ಸಾಮಾನ್ಯವಾಗಿ ಇದಕ್ಕೆ ತಿರುವುಮುರುವು: ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಬೆರಳುಗಳು ಜಪಮಣಿ ಸರಿಸುವಂತೆ ಸೆಕೆಂಡಿಗೆ 4ರಿಂದ 6 ಸಲ ಆಡುತ್ತವೆ, ಲೋಟ ಹಿಡಿಯಲು ಹೊರಟಾಗ ಬಹುಮಟ್ಟಿಗೆ ತಣ್ಣಗಾಗುತ್ತವೆ. ಮೇಷ್ಟ್ರ ಕಾಯಿಲೆಯ ಇಂಗ್ಲಿಷ್ ಹೆಸರು ಎಸೆನ್ಷಿಯಲ್ ಟ್ರೆಮರ್. ಇದನ್ನು ಕರಪತ್ರವೊಂದು ‘ಅಗತ್ಯ ನಡುಕ’ ಎಂದು ಅನುವಾದಿಸಿತ್ತು. ಯಾರಿಗೆ ಅಗತ್ಯವೋ ದೇವರೇ ಬಲ್ಲ. ವೈದ್ಯರ ಭಾಷೆಯಲ್ಲಿ ಎಸೆನ್ಷಿಯಲ್ ಎಂದರೆ ಬೇರೊಂದು ರೋಗದ ಫಲವಾಗಿರದೆ ತಾನೇ ತಾನಾಗಿ ಬಂದದ್ದು ಎಂದರ್ಥ.

‘ಪಾರ್ಕಿನ್ಸನಿಸಂ’ ಎಂಬುದೂ ಪಾರ್ಕಿನ್ಸನ್ ಕಾಯಿಲೆಯ ಪರ್ಯಾಯ ಪದವಲ್ಲ. ನಿಧಾನ, ಬಿಗಿತ, ನಡುಕಗಳ ಗುಂಪಿಗೆ ಅದು ಹೆಸರು. ಕಾರಣ ಹಲವು ಇರಬಹುದು. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದವರಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ, ಮಾತ್ರೆ ನಿಲ್ಲಿಸಿದರೆ ಬಹಳಷ್ಟು ಮಂದಿಯಲ್ಲಿ ಇಳಿಯುತ್ತದೆ. ‘ಕಂಪವಾತ ಪೂರ್ತಿ ವಾಸಿಯಾಯಿತು’ ಎಂಬ ಸುದ್ದಿ ಕಿವಿಗೆ ಬಿದ್ದಾಗ ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಮೆದುಳಿನ ಕಪ್ಪುಬಣ್ಣದ ಪುಟ್ಟ ಭಾಗವೊಂದರಲ್ಲಿ ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತ ಹೋಗುತ್ತವೆ. ಆ ಕೊರತೆಯನ್ನು ತುಂಬಲು ಮಾತ್ರೆಯಾಗಿ ಕೊಡುವ ಲೆವೊಡೋಪಾ ಎಂಬ ಔಷಧ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿದೆಯೆಂದು ಮದ್ರಾಸಿನ ಸಂಶೋಧಕರು 1937ರಲ್ಲಿಯೇ ತೋರಿಸಿದ್ದರು. ಹಾಗೆಂದು ಬೀಜವನ್ನು ಕುಟ್ಟಿ ಕುಡಿಯುವುದು ಚಿಕಿತ್ಸೆಯಲ್ಲ. ಪುಡಿಯಿಂದ ಪುಡಿಗೆ ಅದರ ಪ್ರಮಾಣ ಬದಲಾಗುತ್ತದೆ, ಜೊತೆಗೆ ಮಾತ್ರೆಯೂ ನಡೆದಿದ್ದರೆ ಲೆಕ್ಕವೇ ತಪ್ಪುತ್ತದೆ.

ಇನ್ನು ಆ ಕಂಪಿನ ವಿಷಯ. ಸಾಯುವ ಕೋಶಗಳಲ್ಲಿ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟುಗಟ್ಟಿರುತ್ತದೆ. ಬೆನ್ನುಹುರಿಯ ದ್ರವದಲ್ಲಿ ಅದನ್ನು ಹುಡುಕುವ ಪರೀಕ್ಷೆಯೊಂದನ್ನು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಾರ್ಕಿನ್ಸನ್ ಇದ್ದವರಲ್ಲಿ ಸುಮಾರು ಶೇ. 88ರಷ್ಟು ಮಂದಿಯಲ್ಲಿ ಅದು ಸಿಕ್ಕಿತು. ಘ್ರಾಣಶಕ್ತಿ ಕುಂದಿದ್ದವರನ್ನಷ್ಟೇ ತೆಗೆದುಕೊಂಡರೆ ಈ ಪ್ರಮಾಣ ಶೇ. 97. ಕೈಕಾಲುಗಳ ತೊಂದರೆಗೆ ಎಷ್ಟೋ ವರ್ಷ ಮೊದಲೇ ಮೂಗು ಸೋಲುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮಾವನಿಗೆ ರೋಗ ಗೊತ್ತಾದ ಮೇಲೆ ಅತ್ತೆ ನೆನಪು ಮಾಡಿಕೊಂಡು ಹೇಳಿದ್ದೂ ಇದನ್ನೇ: ಒಲೆಯ ಮೇಲೆ ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾಡುತ್ತಿದ್ದರೂ ಅಡುಗೆಮನೆಯ ಬಾಗಿಲಲ್ಲೇ ಕುಳಿತ ಮಾವ, ಕಣ್ಣುರಿ ಬರುವವರೆಗೆ, ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲವಂತೆ.